ನೃತ್ಯಶಾಲೆಯ ಖರ್ಚು ಯಾರದು?
ರೀಜೆನ್ಸಿ ಪ್ರಣಯ ಮತ್ತು ಅಂತರಿಕ್ಷ ಕಾದಂಬರಿಗಳ ಕೂಡಿಕೆಯನ್ನು ಕುರಿತು

1

ಜನಪ್ರಿಯ ಸಾಹಿತ್ಯವನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ಒಂದು ಅಭ್ಯಾಸ ಬಹುಕಾಲದಿಂದ ಬೇರುಬಿಟ್ಟಿದೆ. ಮೊದಲು ಪ್ರಣಯ ಕಾದಂಬರಿ, ಪತ್ತೇದಾರಿ ಕಾದಂಬರಿ, ವೈಜ್ಞಾನಿಕ ಕಾದಂಬರಿ ಎಂದು ಗೂಡುಗಳನ್ನು ಮಾಡಿಕೊಳ್ಳುತ್ತೇವೆ. ಆಮೇಲೆ ಪ್ರತಿಯೊಂದು ಕೃತಿಯನ್ನೂ ಅದರ ಗೂಡಿನಲ್ಲಿಟ್ಟು, ಆ ಗೂಡಿನ ಲಕ್ಷಣಗಳನ್ನು ಪಟ್ಟಿಮಾಡಿ, ಅಧ್ಯಯನ ಮುಗಿಯಿತೆಂದು ಭಾವಿಸುತ್ತೇವೆ. ಎರಡು ಗೂಡುಗಳಿಗೆ ಒಟ್ಟಿಗೆ ಸೇರಬಹುದಾದ ಕೃತಿ ಎದುರಾದರೆ ಅದನ್ನು ಅಪವಾದವೆಂದು ಬದಿಗಿಡುತ್ತೇವೆ. ಆದರೆ ಒಂದು ಪ್ರಕಾರ ತಾನು ಮರೆಮಾಚಿಕೊಂಡು ಬಂದದ್ದನ್ನು ಹೊರಗೆಡಹುವುದು ಇಂಥ ಅಪವಾದಗಳಲ್ಲಿಯೇ ಎಂಬುದು ನನ್ನ ತಿಳಿವಳಿಕೆ. ಇದನ್ನು ಪರಿಶೀಲಿಸಲು ಇಂಗ್ಲಿಷಿನ ಒಂದು ವಿಲಕ್ಷಣ ಕೂಡುಪ್ರಕಾರವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನ ಶ್ರೀಮಂತ ಮನೆಗಳಲ್ಲಿ ನಡೆಯುವ ಪ್ರಣಯಕಥೆಯ ಚೌಕಟ್ಟನ್ನು ನಕ್ಷತ್ರಲೋಕಗಳ ಸಾಮ್ರಾಜ್ಯಗಳಿಗೆ ಒಯ್ದ ಕಾದಂಬರಿಗಳಿವು. ಒಂದು ಕಡೆ ಔತಣ, ನೃತ್ಯ, ವಿವಾಹ ಪ್ರಸ್ತಾಪ, ಕ್ಷಮಾಪಣೆಯ ಪತ್ರ. ಇನ್ನೊಂದು ಕಡೆ ಗ್ರಹಾಂತರ ಯುದ್ಧ, ನೌಕೆ, ಕೃತಕ ಗರ್ಭಾಶಯ. ಮೇಲುನೋಟಕ್ಕೆ ಇದು ಓದುಗರ ಹುಚ್ಚು ರುಚಿಗೆ ಮಾರುಕಟ್ಟೆ ಬಡಿಸಿದ ಕಲಸುಮೇಲೋಗರ. ಕೃತಿಗಳ ಒಳಹೊಕ್ಕರೆ ಬೇರೆಯದೇ ಸಂಗತಿ ಗೋಚರಿಸುತ್ತದೆ.

2

ಚರ್ಚೆಗೆ ಮುನ್ನ ಎರಡು ಪರಿಭಾಷೆಗಳನ್ನು ಬಿಡಿಸಿಕೊಳ್ಳುವುದು ಅಗತ್ಯ. ಮೂರನೆಯ ಜಾರ್ಜ್ ದೊರೆ ಕಾಯಿಲೆಯಿಂದ ಆಳಲು ಅಸಮರ್ಥನಾದಾಗ ಅವನ ಮಗ ರಾಜಪ್ರತಿನಿಧಿಯಾಗಿ ಅಧಿಕಾರ ನಡೆಸಿದ 1811ರಿಂದ 1820ರವರೆಗಿನ ಅವಧಿಗೆ ‘ರೀಜೆನ್ಸಿ’ ಎಂದು ಹೆಸರು. ಜೇನ್ ಆಸ್ಟಿನ್ ಕಾದಂಬರಿಗಳು ಪ್ರಕಟವಾದದ್ದು ಈ ಅವಧಿಯಲ್ಲೇ. ಆದರೆ ‘ರೀಜೆನ್ಸಿ ಪ್ರಣಯ ಕಾದಂಬರಿ’ ಎಂಬ ಪ್ರಕಾರ ಆಸ್ಟಿನ್ ಕಾಲದ್ದಲ್ಲ. ಆಸ್ಟಿನ್ ಬರೆದದ್ದು ತನ್ನ ವರ್ತಮಾನವನ್ನು. ಆ ವರ್ತಮಾನವನ್ನು ಒಂದು ಶತಮಾನಕ್ಕೂ ಮೀರಿದ ದೂರದಿಂದ ಮರಳಿ ಕಟ್ಟಿ, ಅದನ್ನೊಂದು ಪ್ರಕಾರವನ್ನಾಗಿ ರೂಪಿಸಿದವರು ಜಾರ್ಜೆಟ್ ಹೇಯರ್. 1902ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಈ ಲೇಖಕಿಯ ‘ರೀಜೆನ್ಸಿ ಬಕ್’ 1935ರಲ್ಲಿ ಪ್ರಕಟವಾಯಿತು. ಅಂದಿನ ಉಡುಪು, ಗಾಡಿ, ಆಡುನುಡಿ, ಬೈಗುಳಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಸಂಗ್ರಹಿಸಿಟ್ಟುಕೊಂಡು ಬರೆದವರು ಅವರು. ಹಾಗೆಂದು ಅವರ ಇಂಗ್ಲೆಂಡ್ ಚರಿತ್ರೆಯ ಇಂಗ್ಲೆಂಡ್ ಆಗಿರಲಿಲ್ಲ. ವಿವರಗಳಲ್ಲಿ ನಿಖರವಾದ, ಒಟ್ಟಂದದಲ್ಲಿ ಕಲ್ಪಿತವಾದ ಲೋಕವದು. ಮುಂದಿನ ವಾದಕ್ಕೆ ಈ ಅಂಶ ಮುಖ್ಯವಾದುದು.

‘ಸ್ಪೇಸ್ ಒಪೆರಾ’ ಎಂಬ ಮಾತು ಹುಟ್ಟಿದ್ದು ಬೈಗುಳವಾಗಿ. ಇ. ಇ. ಸ್ಮಿತ್ ಅವರ ‘ದ ಸ್ಕೈಲಾರ್ಕ್ ಆಫ್ ಸ್ಪೇಸ್’ 1928ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಮೇಲೆ ಅಂತರಿಕ್ಷ ಸಾಹಸದ ಕಥೆಗಳು ಹೇರಳವಾದವು. ಅವುಗಳ ಸವಕಲು ರೂಪವನ್ನು ಹೀಗಳೆಯಲು ವಿಲ್ಸನ್ ಟಕರ್ ಎಂಬ ಲೇಖಕ 1941ರಲ್ಲಿ ಈ ಪದವನ್ನು ಟಂಕಿಸಿದರು. ಅದಕ್ಕೆ ಮಾದರಿಯಾದದ್ದು ‘ಸೋಪ್ ಒಪೆರಾ’ ಎಂಬ ಮಾತು. ಸಾಬೂನು ಕಂಪನಿಗಳ ಪ್ರಾಯೋಜಕತ್ವದಲ್ಲಿ, ಗೃಹಿಣಿಯರನ್ನು ಉದ್ದೇಶಿಸಿ ಬಿತ್ತರವಾಗುತ್ತಿದ್ದ ರೇಡಿಯೊ ಧಾರಾವಾಹಿಗಳಿಗೆ ಇದ್ದ ಹೆಸರದು. ಗಂಡಸರು ಓದುವ ಸಾಹಸಕಥೆಯನ್ನು ಬಯ್ಯಬೇಕಾದಾಗ ಹೆಂಗಸರು ಕೇಳುವ ಕಥೆಯ ಹೆಸರನ್ನು ಎರವಲು ತರಲಾಯಿತು ಎಂಬುದನ್ನು ಗಮನಿಸಬೇಕು. ಹೆಣ್ಣಿನ ಓದು ಕೀಳು ಎಂಬ ಗ್ರಹಿಕೆ ಇಲ್ಲಿ ವಾದಿಸಬೇಕಾದ ಸಂಗತಿಯೂ ಆಗಿರಲಿಲ್ಲ. ಎಲ್ಲರೂ ಒಪ್ಪಿದ್ದೆಂಬಂತೆ ಪದದೊಳಗೇ ಕೂತುಬಿಟ್ಟಿತು. ಮಹಿಳೆಯರ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಕರೆದ ಇತಿಹಾಸ ನಮ್ಮಲ್ಲಿಯೂ ಇರುವುದರಿಂದ ಈ ರಾಜಕಾರಣ ನಮಗೆ ಅಪರಿಚಿತವೇನಲ್ಲ. ಮುಂದೆ ಲೇಖಕಿಯರೇ ಸ್ಪೇಸ್ ಒಪೆರಾದೊಳಕ್ಕೆ ಪ್ರಣಯ ಕಾದಂಬರಿಯನ್ನು ಬಹಿರಂಗವಾಗಿ ಕರೆತಂದಾಗ ಆ ಬೈಗುಳ ತಿರುಗುಬಾಣವಾಯಿತು.

3

ಈ ಕೂಡುಪ್ರಕಾರದ ಅತ್ಯಂತ ಪ್ರಜ್ಞಾಪೂರ್ವಕ ಉದಾಹರಣೆ ಅಮೆರಿಕದ ಲೇಖಕಿ ಲೋಯಿಸ್ ಮ್ಯಾಕ್‌ಮಾಸ್ಟರ್ ಬುಜೋಲ್ಡ್ ಅವರ ‘ಎ ಸಿವಿಲ್ ಕ್ಯಾಂಪೇನ್’ (1999). ‘ಜೀವವಿಜ್ಞಾನ ಮತ್ತು ಶಿಷ್ಟಾಚಾರಗಳ ಹರ್ಷನಾಟಕ’ ಎಂಬರ್ಥದ ಉಪಶೀರ್ಷಿಕೆ ಅದಕ್ಕಿದೆ. ಶೀರ್ಷಿಕೆ ಹೇಯರ್ ಅವರ ‘ಎ ಸಿವಿಲ್ ಕಾಂಟ್ರಾಕ್ಟ್’ (1961) ಕಾದಂಬರಿಯ ಹೆಸರನ್ನು ನೆನಪಿಸುತ್ತದೆ. ಜೇನ್, ಶಾರ್ಲೆಟ್, ಜಾರ್ಜೆಟ್, ಡೊರೊಥಿ ಎಂಬ ನಾಲ್ಕು ಹೆಸರುಗಳಿಗೆ ಕೃತಿಯನ್ನು ಅರ್ಪಿಸಲಾಗಿದೆ. ವೊರ್ಕೋಸಿಗನ್ ಸರಣಿ ಎಂದು ಹೆಸರಾದ ಈ ಮಾಲಿಕೆ 1986ರ ‘ಶಾರ್ಡ್ಸ್ ಆಫ್ ಆನರ್’ ಕೃತಿಯಿಂದ ತೊಡಗಿತು. ಸರಣಿಗಳಿಗೆಂದು ಮೀಸಲಾದ ಹ್ಯೂಗೊ ಪ್ರಶಸ್ತಿ 2017ರಲ್ಲಿ ಇದಕ್ಕೆ ಸಂದಿತು.

ಕಥೆಯ ಹಂದರ ಸಂಕ್ಷೇಪದಲ್ಲಿ ಇಷ್ಟು. ಬರಾಯರ್ ಎಂಬ ಗ್ರಹ ಹೊರಜಗತ್ತಿನ ಸಂಪರ್ಕ ಕಡಿದುಹೋಗಿ ಹಲವು ಶತಮಾನ ಒಂಟಿಯಾಗಿತ್ತು. ಆ ಒಂಟಿತನದಲ್ಲಿ ಅದು ಚಕ್ರವರ್ತಿ, ಕೌಂಟ್‌ಗಳು, ಅವರಿಗೆ ಪ್ರಮಾಣಬದ್ಧರಾದ ಅಂಗರಕ್ಷಕರು ಎಂಬ ಊಳಿಗಮಾನ್ಯ ವ್ಯವಸ್ಥೆಗೆ ಮರಳಿತು. ಮತ್ತೆ ದಾರಿ ತೆರೆದಾಗ ಅನ್ಯಗ್ರಹದವರ ಆಕ್ರಮಣ, ಪ್ರತಿರೋಧ, ತಂತ್ರಜ್ಞಾನ ಎಲ್ಲವೂ ಒಮ್ಮೆಗೇ ನುಗ್ಗಿಬಂದವು. ಈ ಸಮಾಜದ ಉನ್ನತ ಕುಲವೊಂದರ ಮಗ ಮೈಲ್ಸ್. ತಾಯಿಯ ಗರ್ಭದಲ್ಲಿದ್ದಾಗ ನಡೆದ ವಿಷಾನಿಲ ದಾಳಿಯ ಪರಿಣಾಮವಾಗಿ ಗಿಡ್ಡನಾಗಿ, ಪೆಡಸು ಮೂಳೆಗಳೊಡನೆ ಹುಟ್ಟಿದವನು. ಅವನು ಪ್ರೀತಿಸುವ ಎಕಟೆರಿನ್ ಒಂಬತ್ತು ವರ್ಷದ ಮಗನಿರುವ ವಿಧವೆ. ಹಿಂದಿನ ದಾಂಪತ್ಯದಲ್ಲಿ ನಲುಗಿದವಳು. ತನ್ನ ಉದ್ದೇಶವನ್ನು ಅವಳಿಗೆ ತಿಳಿಸದೆ, ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ತೋಟ ರೂಪಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿ, ಸೇನಾನಿಯೊಬ್ಬ ಕೋಟೆಯನ್ನು ಸುತ್ತುವರಿಯುವಂತೆ ಮೈಲ್ಸ್ ಅವಳನ್ನು ಒಲಿಸಿಕೊಳ್ಳಲು ಹೊರಡುತ್ತಾನೆ. ಔತಣಕೂಟವೊಂದರಲ್ಲಿ ಗುಟ್ಟು ರಟ್ಟಾಗುತ್ತದೆ. ಎಲ್ಲರೆದುರು ಬಾಯ್ತಪ್ಪಿ ಅವನು ಮದುವೆಯ ಮಾತೆತ್ತುತ್ತಾನೆ. ಅವಳು ಎದ್ದು ಹೋಗುತ್ತಾಳೆ. ಆಮೇಲೆ ಬರುವುದು ಕ್ಷಮೆ ಕೋರುವ ಪತ್ರ. ಆಸ್ಟಿನ್‌ಳ ಡಾರ್ಸಿಯ ಪತ್ರವನ್ನು ಓದಿದವರಿಗೆ ಇದರ ವಂಶಾವಳಿ ಕೂಡಲೇ ಹೊಳೆಯುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಮದುವೆಯ ಕಥೆ ಹೇಳಲು ನಕ್ಷತ್ರಲೋಕ ಏಕೆ ಬೇಕಾಯಿತು? ನನ್ನ ಉತ್ತರ ಹೀಗಿದೆ: ಮದುವೆಯ ಕಥೆ ಬದುಕುವುದು ಅಡ್ಡಿಗಳಿಂದ. ಆಸ್ಟಿನ್ ಕಾಲದಲ್ಲಿ ಅಡ್ಡಿಗಳು ಲೇಖಕಿಗೆ ಪುಕ್ಕಟೆಯಾಗಿ ದೊರೆಯುತ್ತಿದ್ದವು. ಆಸ್ತಿ ಗಂಡುವಾರಸುದಾರನಿಗೇ ಸಲ್ಲಬೇಕೆಂಬ ಕರಾರು, ವರದಕ್ಷಿಣೆ, ಕುಲಮರ್ಯಾದೆ, ಒಮ್ಮೆ ಕೆಟ್ಟರೆ ಸರಿಹೋಗದ ಹೆಸರು ಇವೆಲ್ಲ ಕಾನೂನಿನಲ್ಲಿಯೂ ಬೀದಿಯಲ್ಲಿಯೂ ಇದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ಅಮೆರಿಕದಲ್ಲಿ ಇಬ್ಬರು ವಯಸ್ಕರು ಒಬ್ಬರನ್ನೊಬ್ಬರು ಇಷ್ಟಪಟ್ಟರೆ ಅವರನ್ನು ಮುನ್ನೂರು ಪುಟಗಳ ಕಾಲ ದೂರವಿಡುವುದು ಅಷ್ಟು ಸುಲಭವಲ್ಲ. ಹೇಯರ್ ಹಿಂದಿನ ಕಾಲಕ್ಕೆ ಹೋಗಿ ಅಡ್ಡಿಗಳನ್ನು ತಂದರು. ಬುಜೋಲ್ಡ್ ಅಂಥವರು ಮುಂದಿನ ಕಾಲದಲ್ಲಿ ಅಡ್ಡಿಗಳನ್ನು ಕಟ್ಟಿದರು. ಈ ಎರಡು ಕೆಲಸಗಳು ಒಂದೇ ಅಲ್ಲ. ಚರಿತ್ರೆಯಿಂದ ಎತ್ತಿತಂದ ಅಡ್ಡಿ ‘ಆಗ ಹಾಗಿತ್ತು’ ಎಂಬ ಒಂದೇ ಮಾತಿನಿಂದ ಸಮರ್ಥನೆ ಪಡೆಯುತ್ತದೆ. ಕಲ್ಪಿತ ಲೋಕದಲ್ಲಿ ಆ ಸೌಲಭ್ಯವಿಲ್ಲ. ಆ ಅಡ್ಡಿ ಏಕಿದೆ, ಯಾರು ಹಾಕಿದರು, ಅದರಿಂದ ಯಾರಿಗೆ ಲಾಭ ಎಂಬುದನ್ನು ಲೇಖಕಿ ವಿವರಿಸಲೇಬೇಕು. ವಿವರಿಸಿದೊಡನೆ ಅದು ಪ್ರಶ್ನಾರ್ಹವಾಗುತ್ತದೆ. ಪರಂಪರೆಗೆ ಹುಟ್ಟಿದ ದಿನಾಂಕ ಬರೆದರೆ ಅದಕ್ಕೆ ಸಾಯುವ ದಿನಾಂಕವೂ ಇರಬಹುದೆಂಬುದು ಓದುಗರಿಗೆ ತಿಳಿಯುತ್ತದೆ.

ಎರಡು ನಿದರ್ಶನಗಳನ್ನು ಗಮನಿಸಬಹುದು. ಬರಾಯರ್‌ಗೆ ಹೊರಗಿನ ತಂತ್ರಜ್ಞಾನ ಬಂದಾಗ ಮೇಲುಕುಲದ ತಂದೆತಾಯಿಗಳು ಅದನ್ನು ಮೊದಲು ಬಳಸಿದ್ದು ಗಂಡುಮಕ್ಕಳನ್ನು ಆರಿಸಿಕೊಳ್ಳಲು. ಒಂದು ತಲೆಮಾರಿನ ಬಳಿಕ ಆ ಮಕ್ಕಳು ಮದುವೆಯ ವಯಸ್ಸಿಗೆ ಬಂದಾಗ ಹೆಣ್ಣುಗಳೇ ಇಲ್ಲ. ರೀಜೆನ್ಸಿ ಕಾದಂಬರಿಯಲ್ಲಿ ಯೋಗ್ಯ ವರನಿಗಾಗಿ ಪೈಪೋಟಿ. ಇಲ್ಲಿ ಅದೇ ‘ವಿವಾಹ ಮಾರುಕಟ್ಟೆ’ ತಲೆಕೆಳಗಾಗಿದೆ. ಎಕಟೆರಿನ್ ಶೋಕವಸ್ತ್ರ ಕಳಚುವ ಮುನ್ನವೇ ಮನೆಬಾಗಿಲಲ್ಲಿ ವರಗಳ ಸಾಲು ನಿಲ್ಲುತ್ತದೆ. ಹಾಸ್ಯವಾಗಿ ಬರೆದ ಭಾಗವಿದು. ಭ್ರೂಣಲಿಂಗ ಪತ್ತೆಯ ವಿರುದ್ಧ 1994ರಲ್ಲಿ ಕಾನೂನು ಮಾಡಬೇಕಾಗಿ ಬಂದ ದೇಶದ ಓದುಗರಿಗೆ ಮಾತ್ರ ಇಲ್ಲಿ ನಗು ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದು ಡೊನ್ನಾಳ ಪ್ರಸಂಗ. ಅಣ್ಣನಾದ ಕೌಂಟ್ ತೀರಿಕೊಂಡಾಗ ಪದವಿ ಹೆಣ್ಣಿಗೆ ಸಲ್ಲದು. ದುಷ್ಟನಾದ ದಾಯಾದಿಗೆ ಹೋಗಬೇಕು. ಡೊನ್ನಾ ಬೇಟಾ ಎಂಬ ಗ್ರಹಕ್ಕೆ ಹೋಗಿ ಗಂಡುದೇಹ ಪಡೆದು ‘ಲಾರ್ಡ್ ಡೋನೊ’ ಆಗಿ ಮರಳಿ ವಾರಸುದಾರಿಕೆಯ ಹಕ್ಕು ಮಂಡಿಸುವಲ್ಲಿ ಕಾನೂನಿನ ಅಕ್ಷರವನ್ನೇ ಹಿಡಿದು ಕಾನೂನನ್ನು ನಗೆಪಾಟಲಿಗೀಡುಮಾಡಲಾಗಿದೆ. ಗಂಡುಸಂತಾನಕ್ಕೇ ಸಲ್ಲುವ ಆಸ್ತಿಯ ಸಮಸ್ಯೆ ಆಸ್ಟಿನ್‌ಳ ‘ಪ್ರೈಡ್ ಆ್ಯಂಡ್ ಪ್ರಿಜುಡಿಸ್’ನಲ್ಲಿ (1813) ಬೆನೆಟ್ ಕುಟುಂಬದ ಐವರು ಹೆಣ್ಣುಮಕ್ಕಳ ತಲೆಯ ಮೇಲೆ ತೂಗುವ ಕತ್ತಿ. ಅಲ್ಲಿ ಮದುವೆಯೊಂದೇ ಅದಕ್ಕೆ ಪರಿಹಾರ. ಇಲ್ಲಿ ಕಾನೂನು ಗಂಡುತನವೆಂದು ಕರೆಯುವುದು ಏನನ್ನು ಎಂಬ ಪ್ರಶ್ನೆಯನ್ನೇ ಸಭೆಯ ಮುಂದಿಡಲಾಗಿದೆ.

ಕಾದಂಬರಿಯ ಕೊನೆಯ ತಿರುವು ಕೂಡ ಇದೇ ದಿಕ್ಕಿನದು. ಕೌಂಟ್‌ಗಳ ಸಭೆಯಲ್ಲಿ ಆ ದಾಯಾದಿ, ಎಕಟೆರಿನ್‌ಳ ಗಂಡನ ಸಾವಿಗೆ ಮೈಲ್ಸ್ ಕಾರಣನೆಂಬ ಅಪವಾದವನ್ನು ಎತ್ತುತ್ತಾನೆ. ಪ್ರೇಕ್ಷಕರ ಮೊಗಸಾಲೆಯಲ್ಲಿದ್ದ ಅವಳು ಎದ್ದುನಿಂತು, ತನ್ನನ್ನು ಮದುವೆಯಾಗುವೆಯಾ ಎಂದು ಮೈಲ್ಸ್‌ನನ್ನು ಕೇಳುತ್ತಾಳೆ. ಹೆಣ್ಣಿನ ಹೆಸರು ಕೆಡುವುದು ಬೀದಿಯ ಮಾತಿನಿಂದಾದರೆ, ಅದೇ ಬೀದಿಯ ಮಾತನ್ನು ತನ್ನ ಅಸ್ತ್ರವನ್ನಾಗಿಸಿಕೊಳ್ಳುವ ಹೆಣ್ಣು ಇವಳು. ಮದುವೆಯಲ್ಲಿ ಮುಗಿಯುವುದರಿಂದ ಕಾದಂಬರಿ ಸಂಪ್ರದಾಯಬದ್ಧ ಎಂದು ಹೇಳಿಬಿಡುವವರು ಪ್ರಸ್ತಾಪ ಬಂದದ್ದು ಯಾರಿಂದ, ಯಾವ ಸಭೆಯಲ್ಲಿ ಎಂಬುದನ್ನು ಗಮನಿಸಿರುವುದಿಲ್ಲ.

4

ಶಿಷ್ಟಾಚಾರದ ಕಾದಂಬರಿ ಮೂಲತಃ ಭಾಷೆಯ ಕಾದಂಬರಿ. ಶರಾನ್ ಲೀ ಮತ್ತು ಸ್ಟೀವ್ ಮಿಲ್ಲರ್ ದಂಪತಿಗಳ ಲಿಯಾಡೆನ್ ಸರಣಿ ಇದಕ್ಕೆ ಉತ್ತಮ ಸಾಕ್ಷಿ. 1988ರ ‘ಏಜೆಂಟ್ ಆಫ್ ಚೇಂಜ್’ನಿಂದ ತೊಡಗಿದ ಈ ಸರಣಿಯ ಮೇಲೂ ಹೇಯರ್ ಪ್ರಭಾವ ಸ್ಪಷ್ಟವಾಗಿದೆ. ಇಲ್ಲಿನ ಲಿಯಾಡ್ ಲೋಕದ ಭಾಷೆಯಲ್ಲಿ ಉನ್ನತ ನುಡಿ, ಆಪ್ತ ನುಡಿ ಎಂಬ ಭೇದವಿದೆ. ಉನ್ನತ ನುಡಿಯೊಳಗೆ ಯಾರು ಯಾರಿಗೆ ಯಾವ ಸಂಬಂಧದಲ್ಲಿ ನುಡಿಯುತ್ತಿದ್ದಾರೆ ಎಂಬುದನ್ನು ಸೂಚಿಸುವ ಹಲವು ವರಸೆಗಳಿವೆ. ಬಾಗಿ ನಮಿಸುವುದಕ್ಕೂ ಅಷ್ಟೇ ಬಗೆಗಳಿವೆ. ‘ಲೋಕಲ್ ಕಸ್ಟಮ್’ ಕಾದಂಬರಿಯ ನಾಯಕಿ ಆ್ಯನ್ ಡೇವಿಸ್ ಭಾಷಾವಿಜ್ಞಾನದ ವಿದ್ವಾಂಸೆ. ನಾಯಕ ಲಿಯಾಡ್‌ನ ವ್ಯಾಪಾರಿ ಕುಲದವನು. ಮಗುವಿಗೆ ತಂದೆಯ ಕುಲನಾಮವಿಡುವುದು ಅವಳ ಊರಿನ ರೂಢಿಯಲ್ಲಿ ತಂದೆಗೆ ಸಲ್ಲಿಸುವ ಗೌರವ. ಅವನ ಲೋಕದಲ್ಲಿ ಅದು ಮಗುವಿನ ಮೇಲೆ ಕುಲಕ್ಕಿರುವ ಹಕ್ಕನ್ನು ಒಪ್ಪಿಕೊಂಡಂತೆ. ಭಾಷಾವಿಜ್ಞಾನಿಯೇ ಆದರೂ ಪದದ ಅರ್ಥ ಬಲ್ಲವಳಿಗೆ ರೂಢಿಯ ಅರ್ಥ ತಿಳಿಯದೆ ಇಡೀ ಕಥೆ ಸಿಕ್ಕಾಗುತ್ತದೆ.

ಕನ್ನಡ ಓದುಗರಿಗೆ ಈ ಲೋಕ ವಿವರಣೆಯ ಹಂಗಿಲ್ಲದೆಯೇ ಅರ್ಥವಾಗುತ್ತದೆ. ನೀನು, ನೀವು, ತಾವು ಎಂಬ ಮೆಟ್ಟಿಲುಗಳಲ್ಲಿ ನಾವು ದಿನವೂ ಹತ್ತಿಳಿಯುತ್ತೇವೆ. ಇಂಗ್ಲಿಷ್ ಲೇಖಕರು ಗ್ರಹವೊಂದನ್ನೇ ಕಟ್ಟಿ ಸಾಧಿಸಬೇಕಾದದ್ದು ನಮ್ಮ ವ್ಯಾಕರಣದಲ್ಲಿಯೇ ಇದೆ. ಈ ಅನುಕೂಲದ ಜೊತೆಗೇ ಒಂದು ತೊಡಕೂ ಇದೆ. ಇಂಥ ಕಾದಂಬರಿಯೊಂದನ್ನು ಕನ್ನಡಕ್ಕೆ ತರುವವರು ನಾಯಕ ನಾಯಕಿಯರ ನಡುವೆ ‘ನೀವು’ ಯಾವ ಪುಟದಲ್ಲಿ ‘ನೀನು’ ಆಗಬೇಕೆಂಬುದನ್ನು ನಿರ್ಧರಿಸಬೇಕಾಗುತ್ತದೆ. ನಮ್ಮ ಕಾದಂಬರಿ ಪರಂಪರೆಯ ವಾಡಿಕೆಯಂತೆ ಗಂಡು ‘ನೀನು’ ಎನ್ನುತ್ತಾನೆ, ಹೆಣ್ಣು ‘ನೀವು’ ಎಂದೇ ಉಳಿಯುತ್ತಾಳೆ. ಹಾಗೆ ಅನುವಾದಿಸಿದರೆ ಸಮಾನತೆಗಾಗಿ ಹೆಣಗಿದ ಎಕಟೆರಿನ್ ಕೊನೆಯ ಅಧ್ಯಾಯದಲ್ಲಿ ಸರ್ವನಾಮದ ಮೂಲಕ ಮತ್ತೆ ಸೋಲುತ್ತಾಳೆ. ಲಾರ್ಡ್ ಡೋನೊನ ವಿಷಯದಲ್ಲಿ ಇದರ ಮಗ್ಗುಲು ಬದಲಾಗುತ್ತದೆ. ಬಂದಳು, ಬಂದನು ಎಂದು ಕನ್ನಡದ ಕ್ರಿಯಾಪದ ಪ್ರತಿ ವಾಕ್ಯದಲ್ಲಿಯೂ ತೀರ್ಪು ಕೇಳುತ್ತದೆ. ಗೌರವಸೂಚಕವಾದ ‘ಬಂದರು’ ಮಾತ್ರ ಆ ತೀರ್ಪನ್ನು ಮುಂದೂಡುತ್ತದೆ. ಲಿಂಗವನ್ನು ಮರೆಯುವ ಶಕ್ತಿ ನಮ್ಮ ಭಾಷೆಯಲ್ಲಿ ಇರುವುದು ಮರ್ಯಾದೆಯ ರೂಪದಲ್ಲಿಯೇ ಎಂಬುದು ಶಿಷ್ಟಾಚಾರದ ಬಗ್ಗೆ ಮರುಚಿಂತಿಸುವಂತೆ ಮಾಡುವ ಸಂಗತಿ. ಪರಭಾಷೆಯ ಜನಪ್ರಿಯ ಪ್ರಕಾರವೊಂದನ್ನು ಓದುವುದರಿಂದ ನಮ್ಮ ವ್ಯಾಕರಣದ ರಾಜಕಾರಣ ನಮಗೆ ಕಾಣುವುದಾದರೆ ಆ ಓದು ವ್ಯರ್ಥವೆನ್ನಲಾಗದು.

5

ಈಗ ಮುಖ್ಯವಾದ ಆಕ್ಷೇಪಕ್ಕೆ ಬರೋಣ. ಚಕ್ರವರ್ತಿ, ಕೌಂಟ್, ಅರಮನೆ, ಸೇವಕರನ್ನು ಭವಿಷ್ಯದಲ್ಲಿಯೂ ಉಳಿಸಿಕೊಳ್ಳುವ ಈ ಸಾಹಿತ್ಯ ಶ್ರೀಮಂತಶಾಹಿಯನ್ನು ಮೋಹಕವಾಗಿ ಬಿಂಬಿಸುತ್ತದೆಯಲ್ಲವೇ ಎಂಬುದು ಆ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಹೇಯರ್ ಅವರ ರೀಜೆನ್ಸಿ ಇಂಗ್ಲೆಂಡಿನಲ್ಲಿ ಏನಿಲ್ಲ ಎಂಬುದನ್ನು ನೋಡಿದರೆ ಸಾಕು. ಯಂತ್ರಗಳನ್ನು ಒಡೆದ ಲಡ್ಡೈಟ್ ಕಾರ್ಮಿಕರ ಬಂಡಾಯ 1811ರಲ್ಲಿಯೇ ತೊಡಗಿತ್ತು. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ನಿರಾಯುಧ ಜನರ ಮೇಲೆ ಕುದುರೆಪಡೆ ನುಗ್ಗಿತು. ಗುಲಾಮರ ವ್ಯಾಪಾರ 1807ರಲ್ಲಿ ನಿಷಿದ್ಧವಾದರೂ ವಸಾಹತುಗಳ ತೋಟಗಳಲ್ಲಿ ಗುಲಾಮಗಿರಿ ನಡೆದೇ ಇತ್ತು. ನೃತ್ಯಶಾಲೆಯ ಕಿಟಕಿಗಳು ಇತ್ತ ತೆರೆಯುವುದಿಲ್ಲ. ಸಾಲದ್ದಕ್ಕೆ ‘ದ ಗ್ರ್ಯಾಂಡ್ ಸೋಫಿ’ಯಲ್ಲಿ (1950) ಯಹೂದಿ ಲೇವಾದೇವಿಗಾರನ ಚಿತ್ರಣ ಯಾವ ಸಮಜಾಯಿಷಿಗೂ ನಿಲುಕದಷ್ಟು ಪೂರ್ವಗ್ರಹಪೀಡಿತವಾಗಿದೆ. ಆಸ್ಟಿನ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ (1814) ಸರ್ ಥಾಮಸ್ ಬರ್ಟ್ರಮ್‌ಗೆ ಆಂಟಿಗುವಾದಲ್ಲಿ ಆಸ್ತಿ ಇದೆ ಎಂಬ ಎಳೆಯನ್ನು ಅವಳು ಬಿಟ್ಟಿದ್ದಾಳೆ. ಎಡ್ವರ್ಡ್ ಸೈದ್ 1993ರಲ್ಲಿ ತಮ್ಮ ‘ಕಲ್ಚರ್ ಆ್ಯಂಡ್ ಇಂಪೀರಿಯಲಿಸಂ’ ಕೃತಿಯಲ್ಲಿ ಎಳೆದು ತೋರಿಸಿದ್ದು ಆ ಎಳೆಯನ್ನೇ.

ನಮಗೆ ಇನ್ನೂ ಹತ್ತಿರದ ಎಳೆಯೊಂದಿದೆ. ಹೇಯರ್ ಅವರ ‘ಆ್ಯನ್ ಇನ್‌ಫೇಮಸ್ ಆರ್ಮಿ’ (1937) ವಾಟರ್‌ಲೂ ಯುದ್ಧದ ಹಿನ್ನೆಲೆಯ ಕಾದಂಬರಿ. ವೆಲಿಂಗ್ಟನ್ ಅದರಲ್ಲಿ ಪಾತ್ರವಾಗಿಯೇ ಬರುತ್ತಾನೆ. ‘ಎ ಸಿವಿಲ್ ಕಾಂಟ್ರಾಕ್ಟ್’ನ ನಾಯಕ ಅವನ ಗೆಲುವಿನಲ್ಲಿ ನಂಬಿಕೆಯಿಟ್ಟು, ಎಲ್ಲರೂ ಮಾರುವಾಗ ಸರ್ಕಾರಿ ಸಾಲಪತ್ರಗಳನ್ನು ಕೊಂಡು ಸಿರಿವಂತನಾಗುತ್ತಾನೆ. ಈ ವೆಲಿಂಗ್ಟನ್ ಬೇರೆ ಯಾರೂ ಅಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಟಿಪ್ಪುವಿನ ಪತನಾನಂತರ ಆ ಪಟ್ಟಣದ ಆಡಳಿತದ ಹೊಣೆ ಹೊತ್ತು, 1805ರಲ್ಲಿ ಭಾರತವನ್ನು ಬಿಟ್ಟ ಆರ್ಥರ್ ವೆಲ್ಲೆಸ್ಲಿ. ಟಿಪ್ಪುವಿನ ಸಿಂಹಾಸನದ ಹುಲಿತಲೆಯೂ ರತ್ನಖಚಿತ ಹುಮಾ ಪಕ್ಷಿಯೂ ಇಂದಿಗೂ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿವೆ. ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ಯ (1811) ಕರ್ನಲ್ ಬ್ರ್ಯಾಂಡನ್ ಸೇನೆಯಲ್ಲಿ ಸೇವೆ ಸಲ್ಲಿಸಿ ಬಂದದ್ದೂ ಪೂರ್ವದೇಶಗಳಲ್ಲಿ. ಆದ್ದರಿಂದ ರೀಜೆನ್ಸಿ ಪ್ರಣಯದ ದೀಪಗಳಿಗೆ ಎಣ್ಣೆ ಹೊಯ್ದವರಾರು ಎಂಬ ಪ್ರಶ್ನೆಯನ್ನು ಕನ್ನಡ ಓದುಗರು ಹೊರಗಿನವರಾಗಿ ಕೇಳುತ್ತಿಲ್ಲ. ಆ ಖರ್ಚಿನ ಒಂದು ಪಾಲು ಕಾವೇರಿಯ ದಡದಿಂದ ಸಂದಿದೆ.

ಈ ಹಿನ್ನೆಲೆಯಲ್ಲಿ ಬುಜೋಲ್ಡ್ ಅವರ ಕಾದಂಬರಿಯನ್ನು ಮತ್ತೆ ನೋಡಿದರೆ ಸ್ಪೇಸ್ ಒಪೆರಾ ಎಂಬ ಅರ್ಧ ಮಾಡಿರುವ ಕೆಲಸ ಸ್ಪಷ್ಟವಾಗುತ್ತದೆ. ರೀಜೆನ್ಸಿ ಪ್ರಣಯ ರಂಗದಿಂದ ಹೊರಗಿಟ್ಟಿದ್ದ ಸಾಮ್ರಾಜ್ಯವನ್ನು ಅದು ರಂಗದ ನಡುವಿಗೆ ತಂದಿದೆ. ಬರಾಯರ್ ಸ್ವತಃ ಸೆಟಗಾಂಡ ಸಾಮ್ರಾಜ್ಯದ ದಾಳಿಗೆ ತುತ್ತಾದ ಗ್ರಹ. ಆ ದಾಳಿಗೆ ದಾರಿ ಬಿಟ್ಟುಕೊಟ್ಟ ಕೊಮಾರ್ ಎಂಬ ನೆರೆಲೋಕವನ್ನು ಮುಂದೆ ತಾನೇ ಗೆದ್ದು ಆಳಿದ ಗ್ರಹವೂ ಹೌದು. ಆ ಗೆಲುವಿನ ಕಾಲದಲ್ಲಿ ಶರಣಾದವರ ಹತ್ಯಾಕಾಂಡ ನಡೆಯಿತು. ಆಜ್ಞೆ ತನ್ನದಲ್ಲದಿದ್ದರೂ, ತಾನು ಕೊಟ್ಟ ಮಾತು ಮುರಿದುಹೋದ ಕಳಂಕವನ್ನು ಮೈಲ್ಸ್‌ನ ತಂದೆ ಜೀವನವಿಡೀ ‘ಕೊಮಾರ್‌ನ ಕಟುಕ’ ಎಂಬ ಹೆಸರಾಗಿ ಹೊತ್ತಿದ್ದಾನೆ. ‘ಎ ಸಿವಿಲ್ ಕ್ಯಾಂಪೇನ್’ನಲ್ಲಿ ಇಡೀ ನಗರವೇ ಸಿದ್ಧವಾಗುತ್ತಿರುವುದು ಚಕ್ರವರ್ತಿಯ ಮದುವೆಗೆ. ವಧು ಕೊಮಾರ್‌ನವಳು. ಪ್ರಣಯವನ್ನು ಆ ರಕ್ತದ ನೆನಪಿನಿಂದ ಬಿಡಿಸಿಕೊಳ್ಳಲು ಕೃತಿ ಪಾತ್ರಗಳಿಗೆ ಅವಕಾಶ ಕೊಡುವುದಿಲ್ಲ. ಹೊರಗಿನವರು ತಂದ ಗಿಡಗಳಿಗೆ ಜಾಗ ಮಾಡಲು ಕಡಿದುಹಾಕಿದ್ದ ಬರಾಯರ್‌ನ ಮೂಲ ಸಸ್ಯಗಳನ್ನು ಎಕಟೆರಿನ್ ತನ್ನ ತೋಟದಲ್ಲಿ ನೆಡುವುದು ಕೂಡ ಅಲಂಕಾರಕ್ಕಲ್ಲ. ಆಸ್ಟಿನ್ ಕಾದಂಬರಿಗಳ ಉದ್ಯಾನ ಒಡೆಯನ ಅಭಿರುಚಿಯನ್ನು ಹೇಳುತ್ತದೆ. ಈ ತೋಟ ನೆಲದ ಹಕ್ಕನ್ನು ಹೇಳುತ್ತದೆ.

ಆದರೂ ಆಕ್ಷೇಪ ಪೂರ್ತಿ ಕರಗುವುದಿಲ್ಲ. ಇದೇ ಸರಣಿಯ ‘ದ ಮೌಂಟನ್ಸ್ ಆಫ್ ಮೌರ್ನಿಂಗ್’ (1989) ಎಂಬ ಕಿರುಕಾದಂಬರಿಯಲ್ಲಿ ಮೈಲ್ಸ್ ಗುಡ್ಡಗಾಡಿನ ಹಳ್ಳಿಯೊಂದಕ್ಕೆ ಹೋಗಿ, ಅಂಗವಿಕಲವಾಗಿ ಹುಟ್ಟಿದ ಹಸುಗೂಸಿನ ಕೊಲೆಯ ವಿಚಾರಣೆ ನಡೆಸುತ್ತಾನೆ. ಕೌಂಟ್‌ಗಳ ಸಿರಿಗೆ ಬೆವರು ಸುರಿಸುವ ಜನ ಅಲ್ಲಿ ಕಣ್ಣೆದುರಿಗೆ ಇದ್ದಾರೆ. ‘ಎ ಸಿವಿಲ್ ಕ್ಯಾಂಪೇನ್’ನಲ್ಲಿ ಆ ಹಳ್ಳಿ ಇಲ್ಲ. ಅಡುಗೆಯಾಕೆ, ಅಂಗರಕ್ಷಕರು ಹಾಸ್ಯಕ್ಕೂ ಆತ್ಮೀಯತೆಗೂ ಒದಗುತ್ತಾರೆಯೇ ಹೊರತು ಅವರಿಗೆ ದೂರುಗಳಿಲ್ಲ. ಎಲ್ಲ ಸಿಕ್ಕುಗಳೂ ಒಳ್ಳೆಯ ಚಕ್ರವರ್ತಿಯ, ಒಳ್ಳೆಯ ಕೌಂಟ್‌ಗಳ ಸಭೆಯಲ್ಲಿ ಬಿಡಿಸಿಕೊಳ್ಳುತ್ತವೆ. ಹರ್ಷನಾಟಕದ ಸುಖಾಂತ್ಯಕ್ಕೆ ಲೇಖಕಿ ತೆತ್ತ ಬೆಲೆ ಇದು ಎಂದು ನಾನು ತಿಳಿದಿದ್ದೇನೆ. ಒಂದೇ ಲೇಖಕಿಯ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗ, ಪ್ರಣಯದ ಚೌಕಟ್ಟು ಏನನ್ನು ಒಳಗೆ ಬಿಡುತ್ತದೆ, ಏನನ್ನು ಹೊಸಿಲಲ್ಲಿ ತಡೆಯುತ್ತದೆ ಎಂಬುದು ಬೇರಾವ ಸಿದ್ಧಾಂತಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಸಾಮ್ರಾಜ್ಯವನ್ನು ಒಳಗೆ ಬಿಟ್ಟ ಚೌಕಟ್ಟು ರೈತನನ್ನು ಹೊರಗೇ ನಿಲ್ಲಿಸಿದೆ.

ಎವರೀನಾ ಮ್ಯಾಕ್ಸ್‌ವೆಲ್ ಅವರ ‘ವಿಂಟರ್ಸ್ ಆರ್ಬಿಟ್’ (2021) ಈ ಧಾರೆಯ ಈಚಿನ ನಿದರ್ಶನ. ಸಾಮ್ರಾಜ್ಯವೂ ಅದರ ಅಧೀನ ಗ್ರಹವೂ ಮಾಡಿಕೊಂಡ ಒಪ್ಪಂದವನ್ನು ಉಳಿಸಲು ರಾಜಕುಮಾರನಿಗೂ ಆ ಗ್ರಹದ ವಿಧುರನಿಗೂ ತರಾತುರಿಯಲ್ಲಿ ಮದುವೆ ಮಾಡಲಾಗುತ್ತದೆ. ಇಬ್ಬರೂ ಗಂಡಸರು, ಆ ಲೋಕದಲ್ಲಿ ಅದೊಂದು ಸಮಸ್ಯೆಯೇ ಅಲ್ಲ. ಲಿಂಗದ ಅಡ್ಡಿಯನ್ನು ತೆಗೆದುಹಾಕಿದ ಮೇಲೆಯೂ ಅಧಿಕಾರದ ಅಡ್ಡಿ ಉಳಿಯುತ್ತದೆ. ಆಳುವವನೂ ಆಳಿಸಿಕೊಂಡವನೂ ಒಂದೇ ಸೂರಿನಡಿ ಮಲಗಬೇಕಾದಾಗ ಸಮ್ಮತಿ ಎಂಬ ಮಾತಿಗೆ ಏನರ್ಥ ಎಂದು ಕೇಳುವುದಕ್ಕೆ ಈ ಪ್ರಕಾರ ಈಗ ಶಕ್ತವಾಗಿದೆ.

6

ಕನ್ನಡ ವಿಭಾಗಗಳಿಗೆ ಇದರಿಂದ ಆಗಬೇಕಾದದ್ದೇನು ಎಂಬ ಪ್ರಶ್ನೆ ಸಹಜ. ಪ್ರಣಯ ಮತ್ತು ಯುದ್ಧಗಳನ್ನು ಬೇರೆ ಬೇರೆ ಕಪಾಟುಗಳಲ್ಲಿಡುವುದು ಪುಸ್ತಕದ ಅಂಗಡಿಯ ಶಿಸ್ತೇ ಹೊರತು ಸಾಹಿತ್ಯದ ಶಿಸ್ತಲ್ಲ ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. ಚಂಪೂಕವಿಗಳು ಪಾಲಿಸಿದ ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ಉದ್ಯಾನ, ಮಧುಪಾನ, ವಿಪ್ರಲಂಭ, ವಿವಾಹಗಳ ಪಕ್ಕದಲ್ಲಿಯೇ ಮಂತ್ರಾಲೋಚನೆ, ದೂತ, ಪ್ರಯಾಣ, ಯುದ್ಧಗಳಿವೆ. ಬುಜೋಲ್ಡ್ ಅವರ ಕಾದಂಬರಿಯ ತೋಟ, ಔತಣ, ಅಗಲಿಕೆ, ರಾಜಸಭೆ, ಮದುವೆಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟರೆ ಮೂಗು ಮುರಿಯಲು ಕಾರಣ ಉಳಿಯುವುದಿಲ್ಲ. ಎರಡೂ ಕಡೆ ಪ್ರಶ್ನೆ ಒಂದೇ: ಶೃಂಗಾರಕ್ಕೂ ವೀರಕ್ಕೂ ಇರುವ ಸಂಬಂಧ ಬರಿಯ ಪಕ್ಕಪಕ್ಕದ ನೆರೆಯೋ ಅಥವಾ ಒಂದು ಇನ್ನೊಂದರ ಲೆಕ್ಕ ಕೇಳುತ್ತದೆಯೋ?

ಎರಡನೆಯದಾಗಿ, ನಮ್ಮ ಜನಪ್ರಿಯ ಕಾದಂಬರಿಗಳ ಅಧ್ಯಯನ ಈವರೆಗೆ ಬಹುಮಟ್ಟಿಗೆ ಎರಡು ತುದಿಗಳಲ್ಲಿ ನಿಂತಿದೆ. ಒಂದೋ ಅವು ಪಲಾಯನವಾದಿ ಎಂದು ತಿರಸ್ಕಾರ, ಇಲ್ಲವೇ ಅವು ಸ್ತ್ರೀಯರ ಓದು ಎಂಬ ಕಾರಣಕ್ಕೇ ಸಮರ್ಥನೆ. ಎರಡರಲ್ಲಿಯೂ ಕೃತಿಯ ಕಟ್ಟಡದ ಪರಿಶೀಲನೆ ಇರುವುದಿಲ್ಲ. ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳಲ್ಲಿ ಮದುವೆಗೆ ಬರುವ ಅಡ್ಡಿಗಳು ಯಾವುವು, ಅವುಗಳಿಗೆ ಕೃತಿ ಕಾರಣ ಕೊಡುತ್ತದೆಯೇ ಅಥವಾ ಅವು ‘ಹಾಗೇ ಇರುವ’ ಸಂಗತಿಗಳೇ, ಆ ಮನೆಗಳ ಗದ್ದೆಯಲ್ಲಿ ದುಡಿಯುವವರು ಯಾವ ಪುಟದಲ್ಲಿ ಬರುತ್ತಾರೆ ಎಂದು ಕೇಳಿದ ಸಂಶೋಧನೆಗಳು ಹೆಚ್ಚಬೇಕಾಗಿದೆ. ಪ್ರಕಾರದ ಹೆಸರಿನಿಂದ ಕೃತಿಯ ಬೆಲೆ ಕಟ್ಟುವ ಬದಲು, ಕೃತಿ ತಾನು ಹೇರಿದ ಕಟ್ಟುಪಾಡುಗಳಿಗೆ ಎಷ್ಟರಮಟ್ಟಿಗೆ ಉತ್ತರದಾಯಿಯಾಗಿದೆ ಎಂಬುದರಿಂದ ಬೆಲೆ ಕಟ್ಟಬೇಕೆಂಬುದು ನನ್ನ ಒಟ್ಟು ನಿಲುವು. ಈ ಅಳತೆಗೋಲಿನಲ್ಲಿ ಗಂಭೀರವೆನಿಸಿಕೊಂಡ ಕೆಲವು ಕೃತಿಗಳು ಸೋಲಬಹುದು. ಅಂತರಿಕ್ಷನೌಕೆಯ ಚಿತ್ರವಿರುವ ಅಗ್ಗದ ರಕ್ಷಾಪುಟದ ಕೆಲವು ಕೃತಿಗಳು ಗೆಲ್ಲಬಹುದು. ಹಾಗೆಯೇ, ನೃತ್ಯಶಾಲೆ, ಗಾಡಿ, ಬಿರುದುಗಳನ್ನು ಎರವಲು ತಂದು, ಅವು ಏಕೆ ಇವೆ ಎಂದು ಹೇಳದೆ ನಕ್ಷತ್ರಗಳ ನಡುವೆ ತೂಗುಹಾಕುವ ಕಾದಂಬರಿಗಳು ಎಷ್ಟೇ ಜನಪ್ರಿಯವಾದರೂ ಈ ಪರೀಕ್ಷೆಯಲ್ಲಿ ನಿಲ್ಲಲಾರವು.

ಪ್ರಣಯಕಥೆ ಓದುವಾಗ ಇಬ್ಬರು ಸೇರುವರೇ ಎಂಬ ಕುತೂಹಲ ಓದುಗರದು. ಅದು ನ್ಯಾಯವಾದ ಕುತೂಹಲ. ಅವರು ಸೇರುವ ಮನೆಯನ್ನು ಕಟ್ಟಿದವರು ಯಾರು, ಅಲ್ಲಿನ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು ಎಂದು ಕೇಳುವುದು ಅಧ್ಯಾಪಕರ ಮತ್ತು ಸಂಶೋಧಕರ ಕೆಲಸ. ಒಳ್ಳೆಯ ಕಾದಂಬರಿ ಈ ಎರಡನ್ನೂ ಒಂದೇ ಓದಿನಲ್ಲಿ ಸಾಧ್ಯವಾಗಿಸುತ್ತದೆ. ಅಂಥ ಕೃತಿ ಯಾವ ಕಪಾಟಿನಲ್ಲಿದ್ದರೂ ಅದನ್ನು ಅಲ್ಲಿಂದ ಇಳಿಸಿಕೊಂಡು ತರಗತಿಯ ಮೇಜಿನ ಮೇಲಿಡುವ ಧೈರ್ಯವನ್ನು ನಮ್ಮ ವಿಭಾಗಗಳು ತೋರಬೇಕಾಗಿದೆ.